ಎಪ್ಪತ್ತೆರಡರಿಂದ ಎಪ್ಪತ್ತನಾಲ್ಕು

ಮಕ್ಕಳೇ, ಕೊಡಗಿನ ಮಳೆಗಾಲದಲ್ಲಿ ಕರೆಂಟು ಹೋಗಿ ಫೋನಿನ ಚಾರ್ಜೂ ಮುಗಿದರೆ ಸುದ್ದಿಗೆ ಬ್ಯಾಟರಿ ರೇಡಿಯೋವೇ ಗತಿ. ಅದರ ಆಂಟೆನಾ ಕಡ್ಡಿ ಮುರಿದಿದೆಯೇ? ತಂತಿ ಸಿಕ್ಕಿಸಬಹುದು. ಎಷ್ಟು ಉದ್ದ? ಮಡಿಕೇರಿ ಆಕಾಶವಾಣಿಯ ಎಫ್‌ಎಂ 103.1 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 2.91 ಮೀಟರ್. ಅದರಲ್ಲಿ ಕಾಲು ಭಾಗ ಸಾಕು, ಸುಮಾರು 73 ಸೆಂಟಿಮೀಟರ್.

ಆದರೆ ನಾವು ದರ್ಜಿ ಟೇಪಿನಲ್ಲಿ ಅಳೆಯುವವರು, ಒಂದು ಸೆಂಟಿಮೀಟರ್ ಅತ್ತಿತ್ತ ಆದೀತು. ಆದ್ದರಿಂದ ನಾನು 73 ಎಂದು ಬರೆಯದೆ [72, 74] ಎಂದು ಬರೆದು, ಎರಡೂ ತುದಿಗಳಿಗೆ ಲೆಕ್ಕ ಹಾಕುತ್ತೇನೆ. 72ಕ್ಕೆ 104.1 ಮೆಗಾಹರ್ಟ್ಸ್, 74ಕ್ಕೆ 101.2. ತುದಿಗಳು ಅದಲುಬದಲಾದವು ನೋಡಿ! ತಂತಿ ಉದ್ದವಾದಷ್ಟೂ ಆವರ್ತನ ಇಳಿಯುತ್ತದೆ. ನಿಜವಾಗಿ ಬಂದದ್ದು 101.28, ಬೇಕೆಂದೇ ಕೆಳಕ್ಕಿಳಿಸಿದೆ. ಸರಿಯುತ್ತರ ಬೇಲಿಯಾಚೆ ಉಳಿಯಬಾರದಲ್ಲ.

ಅಮೆರಿಕದ ರೇಮನ್ ಮೂರ್ 1966ರಲ್ಲಿ ಈ ಗಣಿತದ ಬಗ್ಗೆ ಪುಸ್ತಕವನ್ನೇ ಬರೆದರು. ಆಂಟೆನಾದ ಭಾಗಗಳು ಅಳತೆ ತಪ್ಪಿದರೆ ಏನಾದೀತೆಂದು ತಿಳಿಯಲು ಎಂಜಿನಿಯರುಗಳು ಇದನ್ನು ಬಳಸುತ್ತಾರೆ.

ನಮ್ಮ ತಂತಿ ತಪ್ಪಿದರೂ ಹೆಚ್ಚೆಂದರೆ 2 ಮೆಗಾಹರ್ಟ್ಸ್. ರೇಡಿಯೋ ಕೇಳಲು ಅದು ಲೆಕ್ಕಕ್ಕೇ ಇಲ್ಲ, ಧೈರ್ಯವಾಗಿ ಕತ್ತರಿಸಿ. ತಂತಿಯನ್ನು ಮಾತ್ರ ಮನೆಯೊಳಗೇ ಕಟ್ಟಿ, ಹೊರಗೆ ಸಿಡಿಲಿದೆ.