ಒಂಬತ್ತು ಅಂದ್ರೆ ನಗು ಯಾಕೆ ಮೇಷ್ಟ್ರೇ?

ಹಾಜರಿ ಕೂಗುವಾಗ ಎಂಟು ಮುಗಿದು ಒಂಬತ್ತು ಅಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ತಮಿಳಿನ ಬೈಗುಳ ಅದು. ಜವಳಗಿರಿ ಕಡೆಯ ಕನ್ನಡ ಮಕ್ಕಳ ಬಾಯಿಗೂ ಬಂದಿದೆ. (ಒಳ್ಳೇ ತಮಿಳು ಕಲೀರೋ ಅಂದ್ರೆ ಕಲಿಯಲ್ಲ, ಇದನ್ನು ಮಾತ್ರ ಬೇಗ ಕಲಿತರು!) ಸರಿ, ಅವರು ಮಕ್ಕಳು. ಸ್ಟಾಫ್ ರೂಮಿನಲ್ಲಿ ನಾವು ನಗುವುದಕ್ಕೆ ಏನೆನ್ನೋಣ?

ನಾನೂ ನಕ್ಕವನೇ. ಹಿಂದೆ ಒಂದು ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಸಣ್ಣ ಮೈ, ಬಳುಕುವ ನಡಿಗೆ. ಕಬಡ್ಡಿಗೆ ಅಂಗಿ ಬಿಚ್ಚು ಅಂದರೆ ಮೂಲೆ ಸೇರುತ್ತಿದ್ದ. "ಗಂಡಸಿನ ಹಾಗೆ ನಡಿಯೋ" ಅಂತ ಎಲ್ಲರ ಮುಂದೆ ಎರಡು ಸಲ ನಡೆಸಿದವನು ನಾನೇ. ಮೊನ್ನೆ ಅವನು ಫೋನ್ ಮಾಡಿದ್ದ. ಈಗ ಮೂವತ್ತು ದಾಟಿದೆ. ತಾನು ಗೇ ಅಂತ ಹೇಳಿದ. "ಸಾರ್, ಅಂಗಿ ಇಲ್ಲದೆ ಕನ್ನಡಿ ಮುಂದೆ ನಿಲ್ಲೋಕೆ ನಂಗೆ ಇಷ್ಟು ವರ್ಷ ಬೇಕಾಯ್ತು" ಅಂದ. ನನ್ನನ್ನು ಬೈಯಲಿಲ್ಲ... ಬೈದಿದ್ದರೇ ವಾಸಿ ಇತ್ತು.

ನಮ್ಮ ಕಡೆ ಮಹಾಭಾರತದ ಕೂತ್ತು ನಡೆದರೆ ಬೆಳಗಾಗುವ ತನಕ ಕೂತು ನೋಡುತ್ತೇವೆ. ಗಂಡಸು ದ್ರೌಪದಿಯಾಗಿ ಬಳುಕಿದರೆ ಚಪ್ಪಾಳೆ. ಅದೇ ನಡಿಗೆ ಬೆಳಿಗ್ಗೆ ಶಾಲೆಗೆ ಬಂದರೆ ಗೇಲಿ! ಇನ್ನೊಂದು, ಹಾಗೆ ನಡೆಯುವವರೆಲ್ಲ ಗೇ ಅಲ್ಲ, ಮೀಸೆ ತಿರುವುವ ಪೈಲ್ವಾನನೂ ಗೇ ಆಗಿರಬಹುದು. ಅಷ್ಟೂ ತಿಳಿಯದೆ ಹೆಸರಿಡುತ್ತೇವೆ.

"ಇದು ಬೆಂಗಳೂರಿನ ಷೋಕಿ, ಇಂಗ್ಲಿಷ್ ಓದಿದವರ ಕಾಯಿಲೆ" ಅನ್ನುವ ಸಹೋದ್ಯೋಗಿಗಳೇ, ವಸುಧೇಂದ್ರ ಬಳ್ಳಾರಿ ಜಿಲ್ಲೆಯ ಸಂಡೂರಿನವರು. 'ಮೋಹನಸ್ವಾಮಿ' ಬಂದದ್ದು 2013ರಲ್ಲಿ, ಕನ್ನಡದಲ್ಲೇ. ತಮ್ಮ ಬಗ್ಗೆ ಬಹಿರಂಗವಾಗಿ ಹೇಳಿಕೊಳ್ಳುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ಓದು, ಕೆಲಸ, ಹೆಸರು ಎಲ್ಲ ಇದ್ದವರಿಗೇ ಅಷ್ಟು ಕಾಲ ಬೇಕಾಯಿತು ಅಂದರೆ ನಮ್ಮ ಕೂಲಿಯವರ ಮಕ್ಕಳ ಪಾಡೇನು? ಕಾಯಿಲೆ ಅನ್ನುತ್ತೀರಲ್ಲ, ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಿಂದ ಅದನ್ನು ತೆಗೆದದ್ದು 1990ರಲ್ಲಿ. ಅಪರಾಧವೂ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿಯಾಗಿದೆ.

ನಮ್ಮ ರಾಜ್ಯದ್ದೇ ಮಾತು ಬೇಕಾದರೆ ಕೇಳಿ. ಮದುರೈನ ಇಬ್ಬರು ಯುವತಿಯರ ಕೇಸು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಮುಂದೆ ಬಂತು. ಈ ವಿಷಯ ತನಗೆ ಸರಿಯಾಗಿ ಗೊತ್ತಿಲ್ಲ ಅಂತ ಒಪ್ಪಿಕೊಂಡು ಆ ನ್ಯಾಯಮೂರ್ತಿ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ ಪಾಠ ಹೇಳಿಸಿಕೊಂಡರು! ಆಮೇಲೆ 2021ರ ಜೂನ್ 7ರಂದು ಆದೇಶ ಕೊಟ್ಟರು. ಇಂಥವರನ್ನು "ಸರಿ ಮಾಡುತ್ತೇವೆ" ಅನ್ನುವ ಚಿಕಿತ್ಸೆಗೆ ತಡೆ ಹಾಕಿದರು. ಪೋಷಕ-ಶಿಕ್ಷಕರ ಸಂಘದ ಮೂಲಕ ತಂದೆತಾಯಿಗಳಿಗೆ ತಿಳಿವಳಿಕೆ ಕೊಡಿ ಅಂತಲೂ ಅದರಲ್ಲಿದೆ. ಹೈಕೋರ್ಟ್ ಜಡ್ಜು ಕಲಿಯಬಹುದು, ಟಿಸಿಎಚ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿ ಪಾಸಾದ ನಾವು ಕಲಿಯಬಾರದೇ? ಸಂಘದ ಸಭೆಯಲ್ಲಿ ಸಮವಸ್ತ್ರ, ಊಟ, ಕಾಂಪೌಂಡು... ಇಷ್ಟೇ.

ಮುಂದಿನ ಸಭೆಗೆ ನಾನು ಇದನ್ನು ಬರೆದುಕೊಟ್ಟಿದ್ದೇನೆ. ಬೇಡ ಅನ್ನುವವರು ಸ್ಟಾಫ್ ರೂಮಿನಲ್ಲಿ ಗುಸುಗುಸು ಅನ್ನಬೇಡಿ, ಸಭೆಗೆ ಬಂದು ಪೋಷಕರ ಎದುರೇ ಹೇಳಿ. ಆ ಹುಡುಗನನ್ನೂ ಕರೆದಿದ್ದೆ. "ಇನ್ನೂ ಅಷ್ಟು ಧೈರ್ಯ ಬಂದಿಲ್ಲ ಸಾರ್" ಅಂದ.