ಗಾಜಿನ ಕಡಲಿನಲ್ಲಿ ಅಣುವ್ರತ

ಅಹಿಂಸಾ ವ್ರತದ ಪರೀಕ್ಷೆ ದೊಡ್ಡ ಸಂದರ್ಭಗಳಲ್ಲಿ ನಡೆಯುವುದು ಅಪರೂಪ. ಅದು ದಿನದಿನವೂ ಮನೆಯೊಳಗೇ ನಡೆಯುತ್ತದೆ. ಅಕ್ಕಿಯಲ್ಲಿ ಕಂಡ ಹುಳು, ಸಕ್ಕರೆ ಡಬ್ಬಿಗೆ ಮುತ್ತಿದ ಇರುವೆ, ನಿಂತ ನೀರಿನ ಸೊಳ್ಳೆ ಇವೇ ಶ್ರಾವಕನ ಪ್ರಶ್ನಪತ್ರಿಕೆಗಳು. ಈಚಿನ ಕಾಲವು ಇವುಗಳ ಜೊತೆಗೆ ಹಿರಿಯರು ಕಾಣದಿದ್ದ ಮತ್ತೊಂದು ಪ್ರಶ್ನೆಯನ್ನು ಸೇರಿಸಿದೆ. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಹವಳಗಳನ್ನೂ ಬಣ್ಣದ ಮೀನುಗಳನ್ನೂ ಸಾಕುವ ಹವ್ಯಾಸ ಅಮೆರಿಕ, ಯುರೋಪುಗಳಲ್ಲಿ ವ್ಯಾಪಕವಾಗಿದೆ. ಭಾರತದಲ್ಲಿ 2001ರಲ್ಲಿಯೇ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿ ರಕ್ಷಣೆ ನೀಡಲಾಗಿದೆ. ಆದರೆ ಹೊರನಾಡುಗಳಲ್ಲಿ ನೆಲೆಸಿದ ಶ್ರಾವಕ ಕುಟುಂಬಗಳ ಮಕ್ಕಳು ನೆರೆಮನೆಯ ತೊಟ್ಟಿಯನ್ನು ನೋಡಿ ತಮಗೂ ಅಂಥದೊಂದು ಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ.

ಇಂತಹ ತೊಟ್ಟಿಯ ಅಲಂಕಾರಕ್ಕೆಂದು ತಂದ ಶಿಲೆಯ ಸಂದಿಯಲ್ಲಿ ಅಡಗಿ, ಕರೆಯದೆ ಬರುವ ಅತಿಥಿಯೊಂದಿದೆ. ಅದರ ಹೆಸರು ಐಪ್ಟೇಸಿಯಾ. ಹೂವಿನಂತೆ ಕಾಣುವ ಈ ಜೀವಿ ಸೀ ಅನಿಮೋನ್ ಎಂಬ ಪ್ರಾಣಿವರ್ಗಕ್ಕೆ ಸೇರಿದ್ದು. ಕೆಲವೇ ಸೆಂಟಿಮೀಟರ್ ಎತ್ತರದ, ಪಾರದರ್ಶಕ ಕಂದು ಬಣ್ಣದ ಕಾಂಡ. ಅದರ ತುದಿಯಲ್ಲಿ ಎಳೆಎಳೆಯಾದ ತೋಳುಗಳು. ತೋಳುಗಳಲ್ಲಿರುವ ಕುಟುಕುವ ಕೋಶಗಳಿಂದ ಅದು ಪಕ್ಕದ ಹವಳವನ್ನು ಸುಡುತ್ತದೆ, ಅದರ ಜಾಗವನ್ನು ಆಕ್ರಮಿಸುತ್ತದೆ. ಅದನ್ನು ಕೆರೆದು ತೆಗೆಯಹೋದರೆ ಕಲ್ಲಿನ ಮೇಲೆ ಉಳಿದ ಪಾದದ ಚೂರುಗಳೇ ಹೊಸ ಅನಿಮೋನ್‌ಗಳಾಗಿ ಬೆಳೆಯುತ್ತವೆ. ಒಂದನ್ನು ಹರಿಯಹೋದವನಿಗೆ ಹತ್ತು ಕಾಣಿಸುತ್ತವೆ. ಹವ್ಯಾಸಿಗಳು ಅದನ್ನು ಪೀಡೆಯೆಂದು ಕರೆಯುವುದು ಈ ಕಾರಣದಿಂದಲೇ.

ಇದರ ನಿವಾರಣೆಗೆ ಅವರು ಬಳಸುವ ಉಪಾಯಗಳು ಹಲವು. ಸುಣ್ಣವನ್ನು ಗಟ್ಟಿಯಾಗಿ ಕಲಸಿ ಸಿರಿಂಜಿನ ಮೂಲಕ ಅದರ ಬಾಯಿಗೆ ಬಿಡುವುದು, ನಿಂಬೆರಸವನ್ನು ಚುಚ್ಚುವುದು, ಕುದಿಯುವ ನೀರನ್ನು ಎರೆಯುವುದು ಸಾಮಾನ್ಯ ಕ್ರಮಗಳು. ಶ್ರಾವಕನ ಕೈ ತಡೆಯಬೇಕಾದುದು ಇಲ್ಲಿಯೇ. ಗೃಹಸ್ಥನ ಜೀವನದಲ್ಲಿ ನಾಲ್ಕು ಬಗೆಯ ಹಿಂಸೆಯನ್ನು ಪರಂಪರೆ ಗುರುತಿಸಿದೆ. ಅಡುಗೆ, ಮನೆಗೆಲಸಗಳಲ್ಲಿ ತಪ್ಪಿಸಲಾಗದ ಆರಂಭೀ, ಜೀವನೋಪಾಯದಲ್ಲಿ ಒದಗುವ ಉದ್ಯೋಗೀ, ಆತ್ಮರಕ್ಷಣೆಗಾಗಿ ನಡೆಯುವ ವಿರೋಧೀ ಹಿಂಸೆಗಳನ್ನು ಆತ ಮಿತಿಗೊಳಿಸಬಲ್ಲ, ಸಂಪೂರ್ಣವಾಗಿ ಬಿಡಲಾರ. ಆದರೆ ಕೊಲ್ಲಬೇಕೆಂದೇ ಸಂಕಲ್ಪಿಸಿ ತ್ರಸಜೀವಿಯನ್ನು ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಅಣುವ್ರತಿ ಬಿಡಲೇಬೇಕು. ಸಿರಿಂಜಿನಲ್ಲಿ ಸುಣ್ಣ ತುಂಬಿ, ಗುರಿಯಿಟ್ಟು ಚುಚ್ಚುವ ಕ್ರಿಯೆಯಲ್ಲಿ ಸಂಕಲ್ಪವಲ್ಲದೆ ಮತ್ತೇನಿದೆ?

ಹವಳವನ್ನು ಕಾಪಾಡಲು ಹೀಗೆ ಮಾಡುವುದರಿಂದ ಇದು ವಿರೋಧೀ ಹಿಂಸೆಯೆಂದು ಒಬ್ಬರು ವಾದಿಸಬಹುದು. ಈ ವಾದ ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಕಡಲಿನಲ್ಲಿ ಐಪ್ಟೇಸಿಯಾ ಪೀಡೆಯಲ್ಲ; ಅದನ್ನು ತಿನ್ನುವ ಜೀವಿಗಳೂ ಅದಕ್ಕೆ ಸಾಕಷ್ಟು ಸ್ಥಳವೂ ಅಲ್ಲಿವೆ. ಹವಳವನ್ನೂ ಅದನ್ನೂ ಒಂದೇ ಇಕ್ಕಟ್ಟಿನಲ್ಲಿ ಕೂಡಿಹಾಕಿದವನು ಮನುಷ್ಯ. ತಾನೇ ಹೂಡಿದ ಕಲಹದಲ್ಲಿ ಒಂದು ಪಕ್ಷವನ್ನು ಕೊಂದು ಅದನ್ನು ರಕ್ಷಣೆಯೆಂದು ಕರೆಯುವುದು ನ್ಯಾಯವಾಗದು. ‘ಪೀಡೆ’ ಎಂಬ ಮಾತು ಆ ಜೀವಿಯ ಸ್ವಭಾವವನ್ನು ಹೇಳುವುದಿಲ್ಲ. ತೊಟ್ಟಿಯ ಒಡೆಯನ ಮಮಕಾರವನ್ನು ಹೇಳುತ್ತದೆ.

ಸುಣ್ಣದ ಬದಲು ಜೀವಿಗಳಿಂದಲೇ ಜೀವಿಯನ್ನು ತೊಲಗಿಸುವ ಮತ್ತೊಂದು ಮಾರ್ಗವಿದೆ. ಪೆಪ್ಪರ್‌ಮಿಂಟ್ ಸೀಗಡಿ, ಉದ್ದ ಮೂತಿಯ ಚಿಟ್ಟೆಮೀನು, ಬರ್ಗಿಯಾ ಎಂಬ ಚಿಪ್ಪಿಲ್ಲದ ಪುಟ್ಟ ಕಡಲ ಹುಳು ಇವು ಐಪ್ಟೇಸಿಯಾವನ್ನು ತಿನ್ನುತ್ತವೆ. ಒಡೆಯನ ಕೈಗೆ ರಕ್ತ ಹತ್ತುವುದಿಲ್ಲವೆಂದು ಇದು ಸಾತ್ತ್ವಿಕವಾಗಿ ತೋರುತ್ತದೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತವನ್ನು ವಿವರಿಸುವಾಗ ಕೃತ, ಕಾರಿತ, ಅನುಮತಗಳನ್ನು, ಅಂದರೆ ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು ಈ ಮೂರನ್ನೂ ಒಟ್ಟಿಗೆ ಹೇಳಿದ್ದಾರೆ. ಸೀಗಡಿ ತನ್ನ ಹಸಿವಿಗಾಗಿ ತಿಂದರೆ ಅದು ಅದರ ಪ್ರಕೃತಿ. ಕೊಲ್ಲಲೆಂದೇ ಅದನ್ನು ಕೊಂಡು ತಂದು ಬಿಟ್ಟರೆ ಅದು ಒಡೆಯನ ಕಾರಿತ. ಇನ್ನು ಬರ್ಗಿಯಾದ ಪಾಡು ಮತ್ತೂ ಕರುಣಾಜನಕ. ಐಪ್ಟೇಸಿಯಾವೇ ಅದರ ಆಹಾರ. ಕೆಲಸ ಮುಗಿದ ದಿನ ಅದರ ಅನ್ನವೂ ಮುಗಿಯುತ್ತದೆ. ಮತ್ತೊಬ್ಬರ ತೊಟ್ಟಿಗೆ ದಾಟಿಸದಿದ್ದರೆ ಅದು ಹಸಿವಿನಿಂದ ಸಾಯುತ್ತದೆ. ಆಶ್ರಿತ ಜೀವಿಗೆ ಅನ್ನಪಾನಗಳನ್ನು ತಡೆಯುವುದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದು.

ಅನಿಮೋನ್‌ಗೆ ಮಿದುಳಿಲ್ಲ, ಅದಕ್ಕಿರುವುದು ಬರಿಯ ನರಗಳ ಜಾಲವೆಂದು ವಿಜ್ಞಾನ ಹೇಳುತ್ತದೆ. ಹಾಗಾದರೆ ಅದಕ್ಕೆ ನೋವಾದರೂ ಎಲ್ಲಿಯದು ಎಂದು ಕೇಳುವವರುಂಟು. ಜಿನಾಗಮದ ಜೀವವಿಚಾರ ಮಿದುಳನ್ನು ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ಸ್ಪರ್ಶ ಮತ್ತು ರಸನೆ ಎಂಬ ಎರಡೇ ಇಂದ್ರಿಯಗಳುಳ್ಳ ಶಂಖ, ಕೃಮಿಗಳನ್ನೂ ಅದು ತ್ರಸಜೀವಿಗಳೆಂದೇ ಪರಿಗಣಿಸಿದೆ. ಮುಟ್ಟಿದೊಡನೆ ಮುದುಡಿ ಸಂದಿಗೆ ಸರಿಯುವ, ಸೋಕಿದ ಆಹಾರವನ್ನು ಅರಿತು ಬಾಯಿಗೆ ಒಯ್ಯುವ ಜೀವಿಯನ್ನು ಅವುಗಳ ಸಾಲಿನಿಂದ ಹೊರಗಿಡಲು ಕಾರಣ ಕಾಣದು. ಅದಕ್ಕಿಂತ ಮುಖ್ಯವಾಗಿ, ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಗಳಿಗೆ ಘಾತವಾಗುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ದೃಷ್ಟಿ. ಎದುರಿನ ಜೀವಿ ಎಷ್ಟು ನೊಂದಿತೆಂಬುದು ಒಂದು ಪ್ರಶ್ನೆ. ಚುಚ್ಚಿದವನ ಭಾವ ಎಷ್ಟು ಕಲುಷಿತವಾಯಿತೆಂಬುದು ಮತ್ತೊಂದು. ಎರಡನೆಯ ಪ್ರಶ್ನೆಗೆ ಉತ್ತರಿಸಲು ಸೂಕ್ಷ್ಮದರ್ಶಕ ಬೇಕಿಲ್ಲ.

ಹಾಗಾದರೆ ತಪ್ಪು ಎಲ್ಲಿ ಆರಂಭವಾಯಿತು? ಅದೇ ತತ್ತ್ವಾರ್ಥಸೂತ್ರ ಎಣಿಸುವ ಅತಿಚಾರಗಳಲ್ಲಿ ಮೊದಲನೆಯದು ಬಂಧ, ಎಂದರೆ ಜೀವಿಯ ಸ್ವಚ್ಛಂದ ಸಂಚಾರವನ್ನು ತಡೆದು ಕಟ್ಟಿಹಾಕುವುದು. ವಧ, ಛೇದಗಳು ಅದರ ನಂತರ ಬರುತ್ತವೆ. ತೊಟ್ಟಿಯ ಕಥೆಯೂ ಇದೇ ಕ್ರಮದಲ್ಲಿ ಸಾಗುತ್ತದೆ. ಕಡಲಿನ ಮೀನನ್ನು ಕೆಲವು ಅಡಿಗಳ ಗಾಜಿನಲ್ಲಿ ಕೂಡಿಟ್ಟ ದಿನವೇ ಬಂಧ ನಡೆದುಹೋಯಿತು. ಕಣ್ಣಿನ ಸುಖಕ್ಕಾಗಿ ಕೂಡಿಸಿಕೊಂಡ ಪರಿಗ್ರಹವು ಕಾಲಕ್ರಮದಲ್ಲಿ ಕಾವಲನ್ನು ಬೇಡುತ್ತದೆ. ಕಾವಲು ವೈರಿಯನ್ನು ಹುಟ್ಟಿಸುತ್ತದೆ. ವೈರಿ ಕೈಗೆ ಸಿರಿಂಜನ್ನು ಕೊಡುತ್ತಾನೆ. ವ್ರತಭಂಗ ಸೂಜಿಯ ಮೊನೆಯಲ್ಲಿ ಕಂಡರೂ ಅದರ ಬೇರು ಅಂಗಡಿಯ ರಸೀದಿಯಲ್ಲಿದೆ. ಇಂಥ ತೊಟ್ಟಿ ಇಲ್ಲದ ಮನೆಗೆ ಅದು ಬಾರದಿರಲಿ ಎಂಬುದೇ ಈ ವಿಷಯದಲ್ಲಿ ಶ್ರಾವಕಧರ್ಮದ ನೇರವಾದ ಮಾತು.

ಈಗಾಗಲೇ ತೊಟ್ಟಿ ಇರುವವರು ಅದನ್ನು ಹೊತ್ತೊಯ್ದು ಕಡಲಿಗೆ ಸುರಿದರೆ ಪಾಪ ಕಳೆಯುವುದೇ? ಇಲ್ಲ. ನೀರನ್ನು ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಯ ನೀರಿಗೆ ಮರಳಿಸುವುದು ಹಿರಿಯರ ಪದ್ಧತಿ. ಯಾವುದೋ ನೀರಿಗಲ್ಲ, ಅದೇ ನೀರಿಗೆ. ಆ ವಿವೇಕದ ಅರ್ಥ ಇಂದು ಮತ್ತಷ್ಟು ಸ್ಪಷ್ಟವಾಗಿದೆ. ಹಿಂದೂ ಮಹಾಸಾಗರ, ಶಾಂತಸಾಗರಗಳ ಲಯನ್‌ಫಿಶ್ ಅಕ್ವೇರಿಯಂಗಳಿಂದ ಅಟ್ಲಾಂಟಿಕ್ ಸಾಗರಕ್ಕೆ ಸೇರಿತೆಂದು ತಜ್ಞರು ಭಾವಿಸುತ್ತಾರೆ. ಅಲ್ಲಿ ಅದು ಸ್ಥಳೀಯ ಮೀನುಗಳಿಗೆ ಮಾರಿಯಾಗಿದೆ. ಅರಿಯದೆ ಮಾಡಿದ ಬಿಡುಗಡೆಯೂ ಹಿಂಸೆಯಾಗಬಲ್ಲುದು.

ಉಳಿದಿರುವ ಹಾದಿ ನಿಧಾನದ್ದು. ದಿಗಂಬರ ಮುನಿಗಳು ಕಮಂಡಲುವನ್ನು ನೆಲಕ್ಕಿಡುವ ಮೊದಲು ಆ ಜಾಗವನ್ನು ನೋಡಿ, ಪಿಂಛಿಯಿಂದ ಮೃದುವಾಗಿ ಸವರುತ್ತಾರೆ. ಇದು ಐದು ಸಮಿತಿಗಳಲ್ಲಿ ನಾಲ್ಕನೆಯದಾದ ಆದಾನ-ನಿಕ್ಷೇಪಣ ಸಮಿತಿ. ಗೃಹಸ್ಥನಿಗೂ ಇದರಲ್ಲಿ ಪಾಠವಿದೆ. ಹೊಸ ಶಿಲೆಯನ್ನು, ಹೊಸ ಹವಳವನ್ನು ತರುವುದನ್ನೇ ನಿಲ್ಲಿಸಬೇಕು. ತಂದದ್ದೇನಾದರೂ ಇದ್ದರೆ ಕೆಲವು ವಾರ ಬೇರೆ ಪಾತ್ರೆಯ ಉಪ್ಪುನೀರಿನಲ್ಲಿಟ್ಟು ಗಮನಿಸಬೇಕು. ಮೀನಿಗೆ ಅಳತೆ ಮೀರಿ ಹಾಕಿದ ಆಹಾರ ಐಪ್ಟೇಸಿಯಾಕ್ಕೂ ಪುಷ್ಟಿ ನೀಡುವುದರಿಂದ ಆಹಾರ ಮಿತವಾಗಿರಬೇಕು. ಅನಿಮೋನ್ ಹತ್ತಿದ ಕಲ್ಲು ಬಿಡಿಯಾಗಿದ್ದರೆ ಅದನ್ನು ಕಲ್ಲಿನ ಸಮೇತ ಬೇರೊಂದು ಉಪ್ಪುನೀರಿನ ಪಾತ್ರೆಗೆ, ಬೆಳಕಿರುವ ಕಡೆಗೆ ಸರಿಸಬಹುದು. ಇಲ್ಲವೆ ಹವಳವನ್ನೇ ದೂರಕ್ಕೆ ಇಡಬಹುದು. ಹೀಗೆ ಮಾಡಿದರೆ ಎರಡೂ ಬದುಕುತ್ತವೆ. ಇರುವ ಮೀನುಗಳನ್ನು ಅವುಗಳ ಆಯುಷ್ಯ ಮುಗಿಯುವವರೆಗೆ ಚೆನ್ನಾಗಿ ನೋಡಿಕೊಂಡು, ಖಾಲಿಯಾದ ಸ್ಥಾನವನ್ನು ಖಾಲಿಯಾಗಿಯೇ ಬಿಡುವುದು ಪರಿಗ್ರಹ ಪರಿಮಾಣ ವ್ರತಕ್ಕೆ ಒಪ್ಪುವ ನಿಯಮ.

ಇಷ್ಟಾದರೂ ಅದು ತೊಟ್ಟಿಯನ್ನೆಲ್ಲ ಆವರಿಸಿ ಹವಳಗಳು ಸಾಯತೊಡಗಿದರೆ? ಅಂಥ ಸ್ಥಿತಿಯಲ್ಲಿ ನಿರ್ದೋಷವಾದ ಉತ್ತರ ಯಾರಲ್ಲಿಯೂ ಇಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಸುಮ್ಮನಿದ್ದರೂ ಸಾವು, ಕೈಯಾಡಿಸಿದರೂ ಸಾವು. ಆಗ ಕೈಯಾಡಿಸಿದವನು ಅದನ್ನು ಸ್ವಚ್ಛತೆಯೆಂದು ಕರೆಯದಿರಲಿ, ಸೇವೆಯೆಂದೂ ಕರೆಯದಿರಲಿ. ತನ್ನ ಕೌತುಕಕ್ಕಾಗಿ ಜೀವಗಳು ಹೋದವೆಂದು ಆಲೋಚನೆ ಮಾಡಿ, ಪ್ರತಿಕ್ರಮಣದಲ್ಲಿ ಅದನ್ನು ನೆನೆದು, ಮತ್ತೆ ತೊಟ್ಟಿ ತುಂಬುವುದಿಲ್ಲವೆಂದು ಪ್ರತ್ಯಾಖ್ಯಾನ ಮಾಡಲಿ. ಪಶ್ಚಾತ್ತಾಪ ಸತ್ತ ಜೀವಿಯನ್ನು ಬದುಕಿಸದು. ಮುಂದಿನ ಜೀವಿಯನ್ನು ಉಳಿಸಬಲ್ಲುದು.

ಅನಿಮೋನ್‌ನ ಸ್ವಭಾವದಲ್ಲಿ ಸಾಧಕನಿಗೆ ಒಂದು ಎಚ್ಚರಿಕೆಯೂ ಇದೆ. ಕ್ರೋಧವನ್ನು ಕ್ರೋಧದಿಂದಲೇ ಕಿತ್ತೆಸೆಯಹೋದವನ ಮನಸ್ಸಿನಲ್ಲಿ ಅದರ ಚೂರುಗಳು ಉಳಿದು ಅಭಿಮಾನವಾಗಿ, ಮಾಯೆಯಾಗಿ ಚಿಗುರುತ್ತವೆ. ಒಳಬರುವ ದಾರಿಯನ್ನು ಮೊದಲು ಮುಚ್ಚುವುದು ಸಂವರ. ಒಳಗಿರುವುದಕ್ಕೆ ಪೋಷಣೆ ಕೊಡದೆ ತಾಳ್ಮೆಯಿಂದ ಸವೆಸುವುದು ನಿರ್ಜರೆ. ಕಲ್ಲನ್ನು ತೊಟ್ಟಿಯೊಳಗಿಡುವ ಮೊದಲು ಒಮ್ಮೆ ತಿರುಗಿಸಿ ನೋಡುವ ವ್ಯವಧಾನವುಳ್ಳವನಿಗೆ ಸಿರಿಂಜನ್ನು ಹುಡುಕುವ ಪ್ರಸಂಗ ಬಾರದು.