ರೂಪದ ಅಳತೆ, ನಾಯಕತ್ವದ ಅರ್ಹತೆ

ಬೆಲೆಯುಳ್ಳದ್ದು ಬೇರೆ, ಘನತೆಯುಳ್ಳದ್ದು ಬೇರೆ ಎಂದು ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ವಿಂಗಡಿಸಿದ್ದಾನೆ. ಬೆಲೆಯುಳ್ಳ ವಸ್ತುವಿನ ಸ್ಥಾನದಲ್ಲಿ ಅಷ್ಟೇ ಬೆಲೆಯ ಮತ್ತೊಂದನ್ನು ತಂದಿರಿಸಬಹುದು. ಘನತೆಯುಳ್ಳದ್ದಕ್ಕೆ ಬದಲಿ ಎಂಬುದಿಲ್ಲ. ಸ್ತ್ರೀಪುರುಷರಿಬ್ಬರೂ ದೇವರ ಪ್ರತಿರೂಪದಲ್ಲಿ ಸೃಷ್ಟಿಗೊಂಡವರೆಂದು ನಂಬುವ ನಮಗೆ ಇದು ಹೊಸ ಮಾತೇನಲ್ಲ. ಆದರೆ ಕಚೇರಿ, ಕಾರ್ಖಾನೆ, ಆಸ್ಪತ್ರೆ, ಶಾಲೆಗಳ ಹೊಸ್ತಿಲು ದಾಟಿದ ಮೇಲೆ ಈ ನಂಬಿಕೆ ಎಷ್ಟರ ಮಟ್ಟಿಗೆ ನಮ್ಮೊಡನೆ ಒಳಗೆ ಬರುತ್ತದೆ ಎಂಬುದು ಪ್ರಶ್ನೆ. ದುಡಿಯುವ ಹೆಣ್ಣನ್ನು ಮೊದಲು ರೂಪವೆಂದೂ ಆಮೇಲಷ್ಟೇ ವ್ಯಕ್ತಿಯೆಂದೂ ಕಾಣುವ ದೃಷ್ಟಿ ಆಕೆಯನ್ನು ನೋಯಿಸುವುದಷ್ಟೇ ಅಲ್ಲ, ಅರ್ಹತೆಯಿಂದ ಆಕೆಗೆ ಸಲ್ಲಬೇಕಾದ ಮೇಲ್ಪದವಿಯ ಬಾಗಿಲನ್ನೂ ಮುಚ್ಚುತ್ತದೆ.

ಏರ್ ಇಂಡಿಯಾದ ಗಗನಸಖಿಯರ ವೃತ್ತಾಂತ ಇದಕ್ಕೆ ನಿದರ್ಶನ. 35 ವರ್ಷ ತುಂಬಿದಾಗ, ಇಲ್ಲವೇ ಸೇವೆಗೆ ಸೇರಿದ ನಾಲ್ಕು ವರ್ಷಗಳೊಳಗೆ ವಿವಾಹವಾದರೆ, ಇಲ್ಲವೇ ಮೊದಲ ಬಾರಿ ಗರ್ಭ ಧರಿಸಿದರೆ ಅವರು ನಿವೃತ್ತರಾಗಬೇಕೆಂಬ ನಿಯಮ ಅಲ್ಲಿತ್ತು. ಅದೇ ವಿಮಾನದಲ್ಲಿ ದುಡಿಯುತ್ತಿದ್ದ ಪುರುಷ ಪರ್ಸರ್‌ಗಳಿಗಾದರೋ ನಿವೃತ್ತಿಯ ವಯಸ್ಸು 58. ನರ್ಗೇಶ್ ಮಿರ್ಜಾ ಮತ್ತು ಸಂಗಡಿಗರು ನ್ಯಾಯ ಕೇಳಿ ಹೋರಾಡಿದ ಫಲವಾಗಿ 1981ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗರ್ಭಧಾರಣೆಯ ನಿಬಂಧನೆಯನ್ನು ರದ್ದುಪಡಿಸಿತು. ವಿವಾಹದ ನಿರ್ಬಂಧವನ್ನು ಮಾತ್ರ ಹಾಗೆಯೇ ಉಳಿಸಿತು. ವಿಮಾನದೊಳಗಿನ ಸಿಬ್ಬಂದಿಯ ಮೇಲ್ವಿಚಾರಕ ಹುದ್ದೆ ಪುರುಷರಿಗೇ ಮೀಸಲೆಂಬ ವಾದ ಅದರ ಬಳಿಕವೂ ನಿಲ್ಲಲಿಲ್ಲ. ಮಹಿಳೆಯರೂ ಆ ಹುದ್ದೆಗೆ ಅರ್ಹರೆಂಬುದನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು 2011ರಲ್ಲಿ. ಎರಡು ತೀರ್ಪುಗಳ ನಡುವೆ 30 ವರ್ಷಗಳು ಸಂದವು!

ಇಲ್ಲಿನ ತರ್ಕವನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕು. ನಾಯಕತ್ವವು ವಯಸ್ಸಿನೊಡನೆ ಮಾಗುವ ಗುಣ. ಅನುಭವ, ತಾಳ್ಮೆ, ಇಕ್ಕಟ್ಟಿನ ಹೊತ್ತಿನಲ್ಲಿ ನಿರ್ಧಾರ ಕೈಗೊಳ್ಳುವ ವಿವೇಕ, ಇವೆಲ್ಲ ವರ್ಷಗಳು ಉರುಳಿದಂತೆ ಕೂಡಿಬರುತ್ತವೆ. ರೂಪವನ್ನೇ ಅರ್ಹತೆಯೆಂದು ಎಣಿಸುವಲ್ಲಿ ವಯಸ್ಸಾಗುವುದೇ ಅನರ್ಹತೆ. ಹೀಗಾಗಿ ಪುರುಷನು ಯಾವ ವಯಸ್ಸಿನಲ್ಲಿ ಹಿರಿಯನೆನಿಸಿ ಮುಂದಾಳಾಗುತ್ತಾನೋ ಅದೇ ವಯಸ್ಸಿನಲ್ಲಿ ಹೆಣ್ಣು ಹಳಬಳೆನಿಸಿ ಮೂಲೆ ಸೇರುತ್ತಾಳೆ. ಮರ ಫಲ ಬಿಡುವ ಹೊತ್ತಿಗೆ ಹೂವು ಉದುರಿತೆಂದು ಬುಡಕ್ಕೇ ಕೊಡಲಿ ಹಾಕುವ ರೈತನನ್ನು ನಾವು ವಿವೇಕಿಯೆಂದು ಕರೆಯುವುದಿಲ್ಲ.

ರೂಪದ ಮಾತೇ ಇಲ್ಲದ ಕಡೆಗಳಲ್ಲಿಯೂ ಪೂರ್ವಗ್ರಹ ತನ್ನ ಕೆಲಸ ಮಾಡುತ್ತದೆ. ನಮ್ಮ ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿ, ಮಡಿಕೇರಿಯ ಸಂತ ಜೋಸೆಫರ ಬಾಲಿಕಾ ಶಾಲೆಯಲ್ಲಿ ಓದಿದ ಸಿ.ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಪ್ರಥಮ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಮುಚ್ಚಳಿಕೆ ಬರೆದುಕೊಟ್ಟೇ ಅವರು ಕೆಲಸಕ್ಕೆ ಸೇರಬೇಕಾಯಿತು. 1970ರಲ್ಲಿ ಹಂಗೇರಿಗೆ ರಾಯಭಾರಿಯಾದ ಬಳಿಕವೂ ಮೇಲಿನ ಶ್ರೇಣಿಗೆ ಬಡ್ತಿ ಕೊಡದೆ ಅವರನ್ನು ಕಡೆಗಣಿಸಲಾಯಿತು. ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಬಡ್ತಿ ದೊರೆಯಿತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಕುಟುಂಬದ ಹೊಣೆ ಹೆಣ್ಣಿನ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕರ್ತವ್ಯಕ್ಕೂ ಆಗಬಹುದಲ್ಲವೇ ಎಂಬರ್ಥದ ಪ್ರಶ್ನೆಯನ್ನೆತ್ತಿದರು. ಸರಳವಾದ ಪ್ರಶ್ನೆ, ಆದರೆ ಅದನ್ನು ಕೇಳಲು ಸ್ವತಂತ್ರ ಭಾರತಕ್ಕೆ 30ಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಇದೆಲ್ಲ ಹಿಂದಿನ ಕಾಲದ ಕಥೆಯೆಂದು ಸಮಾಧಾನ ತಾಳುವಂತಿಲ್ಲ. ಗ್ರಾಮೀಣ ಹಿನ್ನೆಲೆಯ ಸೈನಿಕರು ಮಹಿಳಾ ಅಧಿಕಾರಿಯ ಆಜ್ಞೆಯನ್ನು ಒಪ್ಪಿಕೊಳ್ಳಲು ಮಾನಸಿಕವಾಗಿ ಸಿದ್ಧರಿಲ್ಲವೆಂಬ ವಾದವನ್ನು ಕೇಂದ್ರ ಸರಕಾರವೇ ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟಿತ್ತು. 2020ರ ಫೆಬ್ರವರಿಯಲ್ಲಿ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ಭೂಸೇನೆಯ ಮಹಿಳಾ ಅಧಿಕಾರಿಗಳಿಗೂ ಖಾಯಂ ಸೇವೆಯ ಹಕ್ಕನ್ನು ನೀಡಿತು. ಒಪ್ಪಲಾರದವನ ಮನಸ್ಸನ್ನು ತಿದ್ದುವುದು ಬಿಟ್ಟು, ಅರ್ಹಳಾದವಳನ್ನೇ ದೂರವಿಡುವುದು ಯಾವ ನ್ಯಾಯ? ನಮ್ಮ ಕಚೇರಿಗಳಲ್ಲಿಯೂ ಇದೇ ತಕ್ಕಡಿ. ಶಿಸ್ತನ್ನು ಬಯಸುವ ಗಂಡಸು ದಕ್ಷನೆನಿಸುತ್ತಾನೆ. ಅದೇ ಶಿಸ್ತಿನ ಹೆಣ್ಣು ಗಯ್ಯಾಳಿ. ಮೃದುವಾಗಿ ನಡೆದುಕೊಂಡರೆ ಆಡಳಿತಕ್ಕೆ ತಕ್ಕವಳಲ್ಲ. ಬಡ್ತಿ ಸಿಕ್ಕಿದರೆ ಅದು ಯಾರ ಕೃಪೆಯಿಂದ ಎಂಬ ಪಿಸುಮಾತು. ಈ ಪಿಸುಮಾತಿಗೆ ಅಂಜಿ ಮುಂದಿನ ಹೆಜ್ಜೆ ಇಡದೆ ಹಿಂದುಳಿದವರ ಲೆಕ್ಕವನ್ನು ಯಾವ ದಫ್ತರದಲ್ಲಿಯೂ ಬರೆದಿಟ್ಟಿರುವುದಿಲ್ಲ.

ಮುಂದಾಳಾದ ಹೆಣ್ಣನ್ನು ತಗ್ಗಿಸಲು ಆಕೆಯ ದೇಹವನ್ನೇ ಗುರಿಯಾಗಿಸುವ ಕ್ರೌರ್ಯ ಇದರ ಕೊನೆಯ ಘಟ್ಟ. ರಾಜಸ್ಥಾನದ ಭಂವರಿ ದೇವಿಯವರು ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಗ್ರಾಮಮಟ್ಟದ ಕಾರ್ಯಕರ್ತೆ. ಬಾಲ್ಯವಿವಾಹವನ್ನು ತಡೆಯಲು ಯತ್ನಿಸಿದ್ದಕ್ಕಾಗಿ 1992ರಲ್ಲಿ ಅವರು ಅತ್ಯಾಚಾರಕ್ಕೊಳಗಾದರು. ಆ ಘಟನೆಯ ಹಿನ್ನೆಲೆಯಲ್ಲಿ ಹೂಡಲಾದ ಮೊಕದ್ದಮೆಯಲ್ಲಿ 1997ರ ವಿಶಾಖಾ ತೀರ್ಪು ಹೊರಬಿದ್ದಿತು; 2013ರಲ್ಲಿ ಕಾಯಿದೆ ಬಂದಿತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಡೆಯಲ್ಲಿಯೂ ದೂರು ವಿಚಾರಿಸುವ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷತೆಯನ್ನು ಹಿರಿಯ ಹುದ್ದೆಯ ಮಹಿಳೆ ವಹಿಸಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಅದು ವಿಧಿಸುತ್ತದೆ. ಹಿರಿಯ ಹುದ್ದೆಗೆ ಮಹಿಳೆಯರನ್ನು ಏರಗೊಡದ ಸಂಸ್ಥೆ ಈ ಪೀಠಕ್ಕೆ ಯಾರನ್ನು ಕೂಡಿಸೀತು? ನಮ್ಮ ಸಮುದಾಯವು ನಡೆಸುವ ಶಾಲೆ, ಆಸ್ಪತ್ರೆಗಳೂ ಈ ಕಾಯಿದೆಯ ಹೊರಗಿಲ್ಲ. ಸಮಿತಿಯು ಕಡತದಲ್ಲಿದ್ದರೆ ಸಾಲದು. ಅತಿ ಕಿರಿಯ ದಾದಿಗೂ ಆಯಾಗೂ ಅದರ ಬಾಗಿಲು ತಟ್ಟುವ ಧೈರ್ಯವಿರಬೇಕು.

ಪೋಪ್ ದ್ವಿತೀಯ ಜಾನ್ ಪೌಲರು 1995ರಲ್ಲಿ ಜಗತ್ತಿನ ಮಹಿಳೆಯರಿಗೆ ಬರೆದ ಪತ್ರದಲ್ಲಿ ಸಮಾನ ವೇತನವನ್ನೂ ಉದ್ಯೋಗದಲ್ಲಿ ಮುನ್ನಡೆಯಲು ನ್ಯಾಯವಾದ ಅವಕಾಶವನ್ನೂ ನೇರವಾಗಿ ಕೇಳಿದ್ದರು. ಆ ನ್ಯಾಯದ ಮೊದಲ ಪಾಠಶಾಲೆ ಕುಟುಂಬ. ಮಗನ ಜಾಣತನವನ್ನೂ ಮಗಳ ಚೆಲುವನ್ನೂ ಹೊಗಳುವ ಮನೆಯಲ್ಲಿ ಇಬ್ಬರೂ ತಪ್ಪು ಪಾಠವನ್ನೇ ಕಲಿಯುತ್ತಾರೆ. ವಧು ಬೇಕಾಗಿದೆಯೆಂಬ ಜಾಹೀರಾತಿನಲ್ಲಿ ಮೈಬಣ್ಣವನ್ನು ಮೊದಲು ಬರೆಯುವ ಕೈ ನಾಳೆ ಕಚೇರಿಯಲ್ಲಿ ಬಡ್ತಿಯ ಪಟ್ಟಿಯನ್ನೂ ಬರೆಯುತ್ತದೆ. ಚರ್ಚಿನ ಪಾಲನಾ ಮಂಡಳಿಯ ಸಭೆಗಳಲ್ಲಿ ಸೋದರಿಯರ ಪಾಲು ಚಹಾ ಹಂಚುವುದಕ್ಕೆ ಸೀಮಿತವಾಗದೆ, ಆಯವ್ಯಯದ ಚರ್ಚೆಯಲ್ಲಿಯೂ ಅವರ ಮಾತು ನಡೆಯುವಂತಾಗಬೇಕು.

ಪುನರುತ್ಥಾನದ ಶುಭವಾರ್ತೆಯನ್ನು ಪ್ರೇಷಿತರಿಗೆ ಮೊದಲು ಮುಟ್ಟಿಸಿದವಳು ಮಗ್ದಲದ ಮರಿಯಳು. ಆದರೂ ಶತಮಾನಗಳ ಕಾಲ ಚಿತ್ರಕಾರರೂ ಪ್ರವಚನಕಾರರೂ ಆಕೆಯ ನೀಳಗೂದಲನ್ನೂ, ಶುಭಸಂದೇಶದಲ್ಲಿ ಎಲ್ಲಿಯೂ ಹೇಳದ ವ್ಯಭಿಚಾರವನ್ನೂ ನೆನೆದರೇ ಹೊರತು ಆಕೆಗೆ ವಹಿಸಿದ ಹೊಣೆಯನ್ನು ನೆನೆದದ್ದು ಕಡಿಮೆ. 2016ರಲ್ಲಿ ಪೋಪ್ ಫ್ರಾನ್ಸಿಸರು ಜುಲೈ 22ರ ಆಕೆಯ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಿದರು. ಪ್ರಭುವು ಆಕೆಯಲ್ಲಿ ಕಂಡದ್ದು ಸಾಕ್ಷಿಯನ್ನು. ನಮ್ಮ ನಡುವೆ ದುಡಿಯುವ ಹೆಣ್ಣುಮಕ್ಕಳಲ್ಲಿ ನಾವು ಮೊದಲು ಕಾಣುವುದೇನನ್ನು ಎಂಬುದನ್ನು ಪ್ರತಿಯೊಂದು ಮನೆಯೂ ಪ್ರತಿಯೊಂದು ಸಂಸ್ಥೆಯೂ ಪ್ರಾಮಾಣಿಕವಾಗಿ ವಿಚಾರಿಸಿಕೊಳ್ಳಲಿ.